ಸುಲಿದು ತಂದ ಅವರೆಕಾಳು

ಅವರೆಕಾಯಿ ಸುಲಿದ ಮಾರನೆಯ ದಿನ ಕಚೇರಿಯ ಹಾಜರಿ ಯಂತ್ರ ನನ್ನ ಬಲಗೈ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಸೊಗಡು ಹತ್ತಿ ಬೆರಳಿನ ತುದಿ ಕಂದಾಗಿ, ಒರಟಾಗಿರುತ್ತದೆ. ಸೋಪಿಗೆ ಹೋಗುವುದಿಲ್ಲ, ಎಣ್ಣೆ ಹಚ್ಚಿ ಉಜ್ಜಿದರೂ ಪೂರ್ತಿ ಹೋಗುವುದಿಲ್ಲ. ಚಳಿಗಾಲದ ಸೋಮವಾರಗಳಲ್ಲಿ ನಾನು ಎಡಗೈ ಒತ್ತಿ ಒಳಗೆ ಹೋಗುತ್ತೇನೆ.

ನಾನು ಸಮಾಜಕಾರ್ಯ ಓದಿದವಳು. ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ವಾರದಲ್ಲಿ ಐದು ದಿನ ಕಚೇರಿ. ಭಾನುವಾರ ಮಧ್ಯಾಹ್ನ ಜೋಗುಪಾಳ್ಯದಲ್ಲಿ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆ. ಇಂದಿರಾನಗರದ ಮನೆಗಳಲ್ಲಿ ಅಡುಗೆ, ಕಸ, ಪಾತ್ರೆ ಮಾಡುವ ಹೆಂಗಸರು ಅಲ್ಲಿ ಸೇರುತ್ತಾರೆ. ಗಿರಣಿ ಓಡುವಾಗ ನೆಲ ಸಣ್ಣಗೆ ನಡುಗುತ್ತದೆ, ಮೆಟ್ಟಿಲ ಮೇಲೆ ರಾಗಿಹಿಟ್ಟಿನ ಪುಡಿ ಕೂತಿರುತ್ತದೆ. ಆದರೂ ಆ ಕೋಣೆಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ ಇದೆ. ಒಂದೇ ಕೋಣೆಯ ಮನೆಗಳಲ್ಲಿ ಗಂಡ, ಮಕ್ಕಳು, ಅತ್ತೆಯ ಜೊತೆ ಇರುವವರಿಗೆ ಆ ಚಿಲಕ ಏನು ಅನ್ನುವುದು ನನಗೆ ಬಹಳ ತಡವಾಗಿ ಅರ್ಥವಾಯಿತು.

ಮೊದಮೊದಲು ನಾನು ಓದಿಕೊಂಡು ಬಂದಂತೆ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದೆ. ಎಲ್ಲರೂ ಕೂತ ಮೇಲೆ ಈ ವಾರ ನಿಮ್ಮ ಮನಸ್ಸು ಹೇಗಿತ್ತು ಎಂದು ಕೇಳುತ್ತಿದ್ದೆ. ಅವರು ಮರ್ಯಾದೆಯಿಂದ ಚೆನ್ನಾಗಿತ್ತು ಅನ್ನುತ್ತಿದ್ದರು. ಒಂದು ಸಲ, ಪಕ್ಕದ ಬೀದಿಯಲ್ಲೇ ಹುಟ್ಟಿ ಬೆಳೆದ ತಮಿಳು ಮನೆಮಾತಿನ ಅಕ್ಕ, "ಮನಸ್ಸಿಗೇನ್ ಮಾ, ಅದರ ಪಾಡಿಗೆ ಅದಿದೆ. ಸೊಂಟ ಕೇಳು, ಅದು ಹೇಳುತ್ತೆ," ಅಂದಳು. ಎಲ್ಲರೂ ನಕ್ಕರು. ಅವತ್ತಿನ ಸಭೆಯಲ್ಲಿ ನಡೆದದ್ದು ಅದೊಂದೇ. ಮೆಟ್ರೋದಲ್ಲಿ ಕೆ.ಆರ್. ಪುರದವರೆಗೆ ನಿಂತು ಮನೆಗೆ ಬರುವಾಗ, ಇಷ್ಟು ದಣಿವು ಕೆಲಸ ಮಾಡಿದ್ದಕ್ಕೋ, ಮಾಡದೇ ಇದ್ದದ್ದಕ್ಕೋ ಎಂದು ಯೋಚಿಸುತ್ತಿದ್ದೆ.

ಅವರೆಕಾಯಿ ಆ ಕೋಣೆಗೆ ಬಂದದ್ದು ಯಾವ ಯೋಜನೆಯಿಂದಲೂ ಅಲ್ಲ. ಎರಡು ಚಳಿಗಾಲದ ಹಿಂದೆ ಒಂದು ಭಾನುವಾರ, ನಾನು ಮನೆಯಲ್ಲಿ ಕೈಗೆ ಸಿಗುವುದಿಲ್ಲ ಎಂದು ಬೈಯುತ್ತಾ ಅಮ್ಮ ಒಂದು ಚೀಲ ಕಾಯಿ ನನ್ನ ಕೈಗೆ ಕೊಟ್ಟಿದ್ದಳು. ಅಲ್ಲಿ ಸುಮ್ಮನೆ ಕೂತಿರ್ತೀಯಲ್ಲ, ಸುಲಿದುಕೊಂಡು ಬಾ ಅಂದಿದ್ದಳು. ಯಾರೂ ಬರುವ ಮೊದಲೇ ಹೋಗಿ, ಕುರ್ಚಿ ಹಾಕದೆ, ನೆಲದ ಮೇಲೆ ಪೇಪರ್ ಹಾಸಿ ಕೂತೆ. ಹಲಸೂರಿನಿಂದ ಬರುವ ಖಾಲಾ ಮೊದಲು ಬಂದರು. ಶಿವಾಜಿನಗರದಲ್ಲಿ ಹುಟ್ಟಿ ಹಲಸೂರಿಗೆ ಮದುವೆಯಾಗಿ ಬಂದವರು. ಒಂದು ದೊಡ್ಡ ಮನೆಯಲ್ಲಿ ಅಡುಗೆ ಮಾಡುತ್ತಾರೆ, ಎಲ್ಲರೂ ಅವರನ್ನು ಖಾಲಾ ಅಂತಲೇ ಕರೆಯುತ್ತಾರೆ. ಬುರ್ಖಾ ತೆಗೆದು ಮೊಳೆಗೆ ಹಾಕಿ, ನನ್ನ ಎದುರು ಕೂತು, ಕೇಳದೆಯೇ ಒಂದು ಹಿಡಿ ಕಾಯಿ ಎಳೆದುಕೊಂಡರು. ಬಂದವರೆಲ್ಲ ಹಾಗೇ ಕೂತರು. ಅರ್ಧ ಚೀಲ ಮುಗಿಯುವ ಹೊತ್ತಿಗೆ ಒಬ್ಬಾಕೆ, ಕಾಯಿಯ ಮೇಲಿಂದ ಕಣ್ಣೆತ್ತದೆ, ತಾನು ಕೆಲಸ ಮಾಡುವ ಮನೆಯಲ್ಲಿ ತನಗೆ ಬಚ್ಚಲಿಗೆ ಹೋಗಲು ಬಿಡುವುದಿಲ್ಲ ಎಂದು ಹೇಳಿದಳು. ಯಾರೂ ಅಯ್ಯೋ ಅನ್ನಲಿಲ್ಲ. ಇನ್ನೊಬ್ಬಾಕೆ ತನ್ನ ಕಡೆಯೂ ಹಾಗೇ ಎಂದಳು. ಮಾತು ಹಾಗೆ ಶುರುವಾಯಿತು. ಬೇಸಿಗೆಯಲ್ಲಿ ಹುಣಸೆಹಣ್ಣು, ಮಳೆಗಾಲದಲ್ಲಿ ಬೆಳ್ಳುಳ್ಳಿ, ಸೊಪ್ಪು. ಆಮೇಲೆ ಕುರ್ಚಿಗಳನ್ನು ನಾನು ಹಾಕಲೇ ಇಲ್ಲ.

ಇದು ಹೊಸದೇನಲ್ಲ ಎನ್ನುವುದು ಅವತ್ತು ಮೆಟ್ರೋದಲ್ಲಿ ಹೊಳೆಯಿತು.

ನಮ್ಮದು ಕೆ.ಆರ್. ಪುರದ ಆಚೆಯ ಹಳೆಯ ಊರು. ಅಜ್ಜಿಯ ಕಾಲದಲ್ಲಿ ಹೊಲವಿತ್ತು. ಸೊಪ್ಪು, ಅವರೆ, ಹುರುಳಿಕಾಯಿ ಬೆಳೆದು ರಸೆಲ್ ಮಾರುಕಟ್ಟೆಗೆ ಹಾಕುತ್ತಿದ್ದರು. ಈಗ ಆ ಹೊಲದ ಮೇಲೆ ನಮ್ಮವೇ ಬಾಡಿಗೆ ಮನೆಗಳಿವೆ, ಅವರೆಕಾಯಿಯನ್ನು ನಾವೂ ಗಾಡಿಯವನ ಹತ್ತಿರ ಚೌಕಾಸಿ ಮಾಡಿ ಕೊಳ್ಳುತ್ತೇವೆ. ಊರಿನ ಹೆಂಗಸರಲ್ಲಿ ಒಂದು ಪದ್ಧತಿ ಇತ್ತು. ಸಾವಾದ ಮನೆಗೆ, ಕಷ್ಟ ಬಂದ ಮನೆಗೆ, ಮೊದಲ ದಿನದ ಗಲಾಟೆ ಮುಗಿದ ಮೇಲೆ ಅವರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ತಮ್ಮ ತಮ್ಮ ಮನೆಯ ಮುಗಿಯದ ಕೆಲಸವನ್ನು ಮೊರದಲ್ಲಿ ಹಾಕಿಕೊಂಡು ಹೋಗುತ್ತಿದ್ದರು. ಆ ಮನೆಯ ಪಡಸಾಲೆಯಲ್ಲಿ ಕೂತು ಕಾಯಿ ಸುಲಿಯುವುದು, ಅಕ್ಕಿ ಆರಿಸುವುದು, ಸೊಪ್ಪು ಬಿಡಿಸುವುದು. ಏನಾಯ್ತು, ಹೇಗಾಯ್ತು ಎಂದು ಕೇಳುವ ಹಾಗಿಲ್ಲ. ಸಮಾಧಾನ ಹೇಳುವ ಹಾಗಿಲ್ಲ. ಏಳುವಾಗ ಒಂದು ಹಿಡಿ ಆ ಮನೆಯಲ್ಲಿ ಬಿಟ್ಟು ಏಳುವುದು. ಅದಕ್ಕೆ ಒಂದು ಹೆಸರೂ ಇರಲಿಲ್ಲ. ಮೊರ ತಗೊಂಡು ಹೋಗ್ಬರ್ತೀನಿ ಅಂದರೆ ಎಲ್ಲರಿಗೂ ತಿಳಿಯುತ್ತಿತ್ತು.

ನಾನು ಪ್ರೌಢಶಾಲೆಯಲ್ಲಿದ್ದಾಗ ಆ ಹೆಂಗಸರು ನಮ್ಮ ಮನೆಗೂ ಮೊರ ಹಿಡಿದು ಬಂದರು. ನನಗೊಂದು ತಂಗಿಯೋ ತಮ್ಮನೋ ಆಗಬೇಕಿತ್ತು. ಅಮ್ಮ ಆಸ್ಪತ್ರೆಯಿಂದ ಒಬ್ಬಳೇ ವಾಪಸ್ ಬಂದಳು. ಬಂದವಳು ಮಾತು ಬಿಟ್ಟಳು. ಅಪ್ಪ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ದೇವಸ್ಥಾನಕ್ಕೆ ಕರೆದುಕೊಂಡು ಹೋದರು, ಒಂದು ದಿನ ಬೈದೂ ನೋಡಿದರು. ನಾನು ಮಹಡಿ ಮೆಟ್ಟಿಲ ಮೇಲೆ ಪುಸ್ತಕ ತೆರೆದುಕೊಂಡು ಕೂತು ಪಡಸಾಲೆಯನ್ನು ನೋಡುತ್ತಿದ್ದೆ. ಹೆಂಗಸರು ಬರುತ್ತಿದ್ದರು, ಕೂರುತ್ತಿದ್ದರು, ಮನೆ ಬಾಡಿಗೆ, ನೀರಿನ ಟ್ಯಾಂಕರ್, ಯಾರದೋ ಸೊಸೆ ಅಂತ ಮಾತಾಡಿಕೊಂಡು ಏಳುತ್ತಿದ್ದರು. ಎಷ್ಟೋ ದಿನಗಳಾದ ಮೇಲೆ ಒಂದು ಮಧ್ಯಾಹ್ನ ಅಮ್ಮ ಗೋಡೆಗೆ ಒರಗಿದ್ದವಳು ಮುಂದೆ ಬಾಗಿ ಯಾರದೋ ಮೊರವನ್ನು ತನ್ನ ಕಡೆಗೆ ಎಳೆದುಕೊಂಡಳು. ಯಾರೂ ಅದನ್ನು ಗಮನಿಸಿದಂತೆ ತೋರಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ಅಮ್ಮ, ಈ ಕಾಯೆಲ್ಲ ಹುಳ, ಯಾರ ಹತ್ರ ತಗೊಂಡ್ರಿ ಅಂದಳು. ಅಷ್ಟು ದಿನಗಳಲ್ಲಿ ಅವಳಾಡಿದ ಮೊದಲ ಮಾತು ಅದು.

ಈ ವಿಷಯ ನಮ್ಮ ಮನೆಯಲ್ಲಿ ಮತ್ತೆಂದೂ ಬರಲಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ.

ಈ ವರ್ಷ ಅವರೆಕಾಯಿ ಬರಲು ಶುರುವಾದ ಹೊಸತರಲ್ಲಿ, ಆ ತಮಿಳು ಅಕ್ಕ ಕೆಲಸ ಮಾಡುವ ಅಪಾರ್ಟ್‌ಮೆಂಟಿನ ಒಂದು ಮನೆಯಲ್ಲಿ ಕಿವಿಯೋಲೆ ಕಾಣೆಯಾಯಿತು. ಪೊಲೀಸರಿಗೆ ಹೇಳಲಿಲ್ಲ, ಅವಳನ್ನು ಏನೂ ಕೇಳಲಿಲ್ಲ. ಗೇಟಿನ ಮೊಬೈಲ್ ಆ್ಯಪ್‌ನಲ್ಲಿ ಅವಳ ಹೆಸರನ್ನು ತಡೆದುಬಿಟ್ಟರು. ಅಲ್ಲಿಗೆ ಆ ಮನೆಯ ಜೊತೆ ಉಳಿದ ಮನೆಗಳ ಕೆಲಸವೂ ಹೋಯಿತು. ನಾನು ಅಪಾರ್ಟ್‌ಮೆಂಟಿನ ಮಾಲೀಕರ ಸಂಘದ ವಿಳಾಸ ಹುಡುಕಿ ಮೇಲ್ ಬರೆದೆ. ಉತ್ತರ ಬರಲಿಲ್ಲ. ಮುಂದಿನ ಭಾನುವಾರ ನನಗೆ ಜ್ವರ, ಕೋಣೆಗೆ ಹೋಗಲಾಗಲಿಲ್ಲ. ಮಧ್ಯಾಹ್ನ ಖಾಲಾ ಫೋನ್ ಮಾಡಿ, ಇವತ್ತು ರೂಮಿನಲ್ಲಿ ಕೂತಿಲ್ಲ, ಇಲ್ಲಿ ಗೇಟಿನ ಎದುರು ಮರದ ಕೆಳಗೆ ಕೂತಿದ್ದೇವೆ ಅಂದರು. ಹಿಂದಿನಿಂದ ಸೆಕ್ಯೂರಿಟಿಯವನ ಧ್ವನಿ ಕೇಳಿಸುತ್ತಿತ್ತು. ಇಲ್ಲೇನಮ್ಮ ಮಾಡ್ತಾ ಇದೀರಾ ಎಂದು ಕೇಳುತ್ತಿದ್ದ.

"ಕಾಯಿ ಸುಲೀತಾ ಇದೀವಿ," ಖಾಲಾ ಅವನಿಗೆ ಹೇಳಿದ್ದು ಫೋನಿನಲ್ಲೇ ಕೇಳಿಸಿತು. "ಫುಟ್‌ಪಾತ್‌ನಲ್ಲಿ ಸುಲೀಬಾರ್ದು ಅಂತ ಬೋರ್ಡ್ ಇದ್ಯೇನಪ್ಪ?"

ಕೂಗಲಿಲ್ಲ, ಬೋರ್ಡು ಹಿಡಿಯಲಿಲ್ಲ. ಅದರ ಮುಂದಿನ ಭಾನುವಾರ ಮತ್ತೆ ಹೋದರು; ಆಗ ನಾನೂ ಜೊತೆಗಿದ್ದೆ. ನಾಯಿ ಹಿಡಿದುಕೊಂಡು ಹೊರಗೆ ಬಂದ ಒಬ್ಬರು ನಿಂತು ನೋಡಿ, ಕೇಜಿ ಎಷ್ಟು ಎಂದು ಕೇಳಿದರು. ತಮಿಳು ಅಕ್ಕ ತಲೆ ಎತ್ತಿ, ಮಾರಕ್ಕಲ್ಲ ಸಾರ್, ನಾನು ಬಿ ಬ್ಲಾಕಲ್ಲಿ ಕೆಲಸ ಮಾಡ್ತಿದ್ದೆ, ಈಗ ಒಳಗೆ ಬಿಡಲ್ಲ, ಅದಕ್ಕೆ ಇಲ್ಲಿ ಕೂತಿದೀನಿ ಅಂದಳು. ಆತ ಒಳಗೆ ಹೋಗಿ ವಿಚಾರಿಸಿದರು. ಕಿವಿಯೋಲೆ ಎಂದೋ ಸಿಕ್ಕಿತ್ತಂತೆ, ಆ ಮನೆಯವರದೇ ಇನ್ನೊಂದು ಪರ್ಸಿನಲ್ಲಿ. ತಡೆದ ಹೆಸರನ್ನು ಬಿಡಿಸಬೇಕೆಂದು ಮಾತ್ರ ಯಾರಿಗೂ ತೋಚಿರಲಿಲ್ಲ. ಆ ವಾರ ಬಿಡಿಸಿದರು.

ಕಷ್ಟ ಬಂದ ಮನೆಗೆ ಮೊರ ಹಿಡಿದು ಹೋಗುವುದನ್ನು ನಾನು ಆ ಕೋಣೆಯವರೆಗೆ ತಂದಿದ್ದೆ, ಅದೂ ತಿಳಿಯದೆ. ಕಷ್ಟ ಕೊಟ್ಟ ಮನೆಯ ಮುಂದೆ ಹೋಗಿ ಕೂರಬಹುದು ಎನ್ನುವುದು ಅವರಿಗೆ ಹೊಳೆದದ್ದು. ನಮ್ಮೂರಿನ ಹೆಂಗಸರಿಗೂ ಅದು ಹೊಳೆದಿರಲಿಲ್ಲ.

ಯಾರೋ ಮಹಡಿಯಿಂದ ಅದರ ವಿಡಿಯೋ ತೆಗೆದು ಹಾಕಿದ್ದರು. ಅದು ಸುತ್ತಾಡಿ ನಮ್ಮ ಸಂಸ್ಥೆಯ ಮುಖ್ಯಸ್ಥೆಗೂ ಬಂತು, ಅವರಿಂದ ದೂರದ ಒಂದು ದತ್ತಿಯವರಿಗೂ ಹೋಯಿತು. ಮುಖ್ಯಸ್ಥೆಯನ್ನು ನಾವು ಮೇಡಂ ಅನ್ನುತ್ತೇವೆ. ಒಳ್ಳೆಯವರು, ನನಗಿಂತ ಹೆಚ್ಚು ಹೊತ್ತು ಕೆಲಸ ಮಾಡುವವರು. ಮಾರ್ಚ್‌ಗೆ ಕೋಣೆಗೆ ಬರುತ್ತಿದ್ದ ನೆರವು ಮುಗಿಯುತ್ತದೆ, ಈ ದತ್ತಿಯವರು ಒಪ್ಪಿದರೆ ಮೂರು ವರ್ಷ ಚಿಂತೆಯಿಲ್ಲ, ಇಲ್ಲದಿದ್ದರೆ ಕೋಣೆ ಬಿಡಬೇಕು ಎಂದರು. ಸಂಕ್ರಾಂತಿಯ ಮುಂದಿನ ಭಾನುವಾರ ಇಬ್ಬರು ನೋಡಲು ಬರುತ್ತಾರೆ. ಸಮಾಜದ ಬದಲಾವಣೆ ಮನುಷ್ಯನ ಒಳಗಿನಿಂದ, ಅವನ ಬೇರಿನಿಂದ ಹುಟ್ಟುತ್ತದೆ ಎಂದು ಅವರು ನಂಬಿದ್ದಾರಂತೆ.

"ಅವ್ರಿಗೆ ರಿಪೋರ್ಟ್ ಬೇಡ ಕಣೇ," ಅಂದರು ಮೇಡಂ. "ನಿನ್ನ ಸ್ಟೋರಿ ಬೇಕು. ಇದು ನಿನಗೆ ಎಲ್ಲಿಂದ ಬಂತು, ನಿನ್ನ ಒಳಗಡೆ ಏನಾಯ್ತು. ಹತ್ತು ನಿಮಿಷ, ಮನಸ್ಸು ಬಿಚ್ಚಿ ಹೇಳ್ಬಿಡು ಸಾಕು."

ಅವರು ನಂಬಿದ್ದು ಸುಳ್ಳಲ್ಲ. ಅದೇ ನನ್ನ ತೊಂದರೆಯಾಗಿತ್ತು. ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜ, ಹತ್ತು ನಿಮಿಷವೂ ಬೇಡ, ಎರಡು ನಿಮಿಷದಲ್ಲಿ ಹೇಳಬಹುದಾದ ನಿಜ. ಆದರೆ ಅದು ಅಮ್ಮನದು.

ಆ ವಾರವೆಲ್ಲ ಬೇರೆ ಏನಾದರೂ ಹೇಳಬಹುದೇ ಎಂದು ನೋಡಿದೆ. ಬಸ್ಸಿನಲ್ಲಿ, ಮೆಟ್ರೋದಲ್ಲಿ, ಊಟದ ಡಬ್ಬಿಯ ಮುಂದೆ ವಾಕ್ಯಗಳನ್ನು ಜೋಡಿಸುತ್ತಿದ್ದೆ. ಅಮ್ಮನನ್ನು ತೆಗೆದು ಹೇಳಿದರೆ ಅದು ಪ್ರವಾಸಿಗರಿಗೆ ಹೇಳುವ ಹಳ್ಳಿಯ ಪದ್ಧತಿಯಾಗುತ್ತಿತ್ತು. ಅಮ್ಮನನ್ನು ಸೇರಿಸಿದರೆ ನಾನೇ ಬಾಯಿ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿತ್ತು. ಶನಿವಾರ ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನನ್ನೇ ಕೇಳಿದೆ. ಎಲ್ಲವನ್ನೂ ವಿವರಿಸಿದೆ: ಕೋಣೆ, ಚಿಲಕ, ಮಾರ್ಚ್ ತಿಂಗಳು. ಆಕೆ ಒಲೆಯ ಮೇಲಿನ ಪಾತ್ರೆಯಲ್ಲಿ ಒಮ್ಮೆ ಸೌಟಾಡಿಸಿ, ಉರಿ ಸಣ್ಣ ಮಾಡಿದಳು.

"ನಂದ್ಯಾಕೆ ಹೇಳ್ಬೇಕು?" ಅಂದಳು. "ನಿಂದು ಏನಾದ್ರೂ ಇದ್ರೆ ಹೇಳ್ಕೋ."

ಸಿಟ್ಟಿನಿಂದ ಹೇಳಲಿಲ್ಲ. ನನ್ನದು ಏನಿದೆ ಎಂದು ಅವತ್ತು ಮಲಗುವವರೆಗೂ ಯೋಚಿಸಿದೆ. ಮೆಟ್ಟಿಲ ಮೇಲೆ ಕೂತು ನೋಡಿದ್ದೆ, ಅಷ್ಟೇ. ಹಾಗೆ ನೋಡುವುದೇ ನನ್ನ ಸ್ವಭಾವವಾಗಿ ಉಳಿಯಿತೇನೋ. ಅದನ್ನು ಇಬ್ಬರು ಅಪರಿಚಿತರ ಮುಂದೆ ಹೇಳುವುದು ಹೇಗೆಂದು ತಿಳಿಯಲಿಲ್ಲ.

ಭಾನುವಾರ ಬೆಳಿಗ್ಗೆ ಕಾಯಿ ಕೊಳ್ಳಲು ಹೊರಟವಳಿಗೆ ಮೇಡಂ ಫೋನ್ ಬಂತು. ನೀನೇನೂ ಹೊತ್ತುಕೊಂಡು ಬರಬೇಡ, ನಾನೇ ಎಲ್ಲ ತಂದಿದ್ದೇನೆ ಅಂದರು. ಆ ವಾರದ ಆಯಾಸದಲ್ಲಿ ಎಷ್ಟು ಹಗುರವೆನಿಸಿತೆಂದರೆ, ಏನು ತಂದಿದ್ದಾರೆ ಎಂದು ನಾನು ಕೇಳಲಿಲ್ಲ.

ಕೋಣೆಗೆ ಹೋದಾಗ ಜಮಖಾನೆ ಹಾಸಿತ್ತು. ನಡುವೆ ಐದಾರು ಹೊಸ ಮೊರಗಳು, ಅಂಚಿಗೆ ಬಣ್ಣ ಬಳಿದವು. ಮೊರಗಳ ತುಂಬ ಅವರೆಕಾಳು, ಸುಲಿದದ್ದು. ಒಂದು ಮೊರದಲ್ಲಿ ಹಿತಕಿದ ಬೇಳೆಯೇ ಇತ್ತು, ಮುತ್ತಿನಂತೆ ಬೆಳ್ಳಗೆ. ರಸೆಲ್ ಮಾರುಕಟ್ಟೆಯಲ್ಲಿ ಒಳ್ಳೆಯದನ್ನೇ ಆರಿಸಿ ತಂದಿದ್ದರು. ಸಿಪ್ಪೆಯ ಕಸದಲ್ಲಿ ಅತಿಥಿಗಳನ್ನು ಕೂರಿಸುವುದೇಕೆ, ಪಾಪ ಇವರಿಗೂ ವಾರವೆಲ್ಲ ಕೆಲಸವೇ, ಇವತ್ತಾದರೂ ಆರಾಮಾಗಿ ಕೂತು ಮಾತಾಡಲಿ ಎನ್ನುವುದು ಅವರ ಲೆಕ್ಕ.

ನಾನು ಏನಾದರೂ ಹೇಳುವ ಮೊದಲೇ ಅತಿಥಿಗಳು ಮೆಟ್ಟಿಲು ಹತ್ತಿ ಬಂದರು, ಒಬ್ಬ ಗಂಡಸು, ಒಬ್ಬ ಹೆಂಗಸು. ಅವರ ಹಿಂದೆಯೇ ನಮ್ಮವರು ಬಂದರು. ಎಲ್ಲರೂ ಒಳ್ಳೆಯ ಸೀರೆ ಉಟ್ಟಿದ್ದರು. ಕೂತರು. ಮೊರಗಳನ್ನು ನೋಡಿದರು. ಖಾಲಾ ಒಂದು ಹಿಡಿ ಕಾಳನ್ನು ಎತ್ತಿ, ತಿರುಗಿಸಿ ನೋಡಿ, ವಾಪಸ್ ಹಾಕಿದರು. ಮಾಡಲು ಏನೂ ಇರಲಿಲ್ಲ. ಕೈಗಳೆಲ್ಲ ಮಡಿಲಿಗೆ ಹೋದವು.

ಅತಿಥಿ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತು, ನಗುತ್ತ, ಹರಕು ಕನ್ನಡದಲ್ಲಿ ನೀವು ಇಲ್ಲಿ ಏನೇನು ಮಾತಾಡುತ್ತೀರಿ ಎಂದು ಕೇಳಿದರು. ಎಲ್ಲ ಮಾತಾಡ್ತೀವಿ ಮೇಡಂ ಅಂದಳು ಒಬ್ಬಳು. ಇಲ್ಲಿಗೆ ಬಂದ ಮೇಲೆ ಏನು ಬದಲಾಯಿತು ಎಂದು ಕೇಳಿದರು. ಚೆನ್ನಾಗಿದೆ ಮೇಡಂ ಅಂದಳು ಇನ್ನೊಬ್ಬಳು. ಗೇಟಿನ ಎದುರು ಕೂತದ್ದನ್ನು ಹೇಳಲು ತಮಿಳು ಅಕ್ಕನಿಗೆ ನಮ್ಮ ಮೇಡಂ ಸನ್ನೆ ಮಾಡಿದರು. ಅವಳು ಒಂದು ವಾಕ್ಯ ಹೇಳಿ, ಸೆರಗಿನ ತುದಿ ಸುತ್ತುತ್ತ ನಿಲ್ಲಿಸಿದಳು. ನೆಲದಡಿ ಗಿರಣಿ ಓಡುತ್ತಲೇ ಇತ್ತು. ಒಬ್ಬರನ್ನೊಬ್ಬರು ನೇರವಾಗಿ ನೋಡುವ ಪರಿಸ್ಥಿತಿ ಆ ಕೋಣೆಯಲ್ಲಿ ಕಾಯಿ ಸುಲಿಯಲು ಶುರುವಾದ ಮೇಲೆ ಬಂದಿರಲಿಲ್ಲ. ನಾನು ದುಂಡಗೆ ಕುರ್ಚಿ ಹಾಕುತ್ತಿದ್ದ ಕಾಲಕ್ಕೆ ಎಲ್ಲರೂ ವಾಪಸ್ ಹೋಗಿದ್ದೆವು.

ಖಾಲಾ ನನ್ನ ಕಡೆ ಬಾಗಿ, "ಬೇಟಾ, ಕೆಳಗೆ ಹೋಗಿ ಅರ್ಧ ಕೇಜಿ ಬೆಳ್ಳುಳ್ಳಿನಾದ್ರೂ ತರ್ಲಾ?" ಎಂದು ಪಿಸುಗುಟ್ಟಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಆಗ ಮೇಡಂ ನನ್ನ ಹೆಗಲ ಮೇಲೆ ಕೈಯಿಟ್ಟು, ಇದೆಲ್ಲ ಶುರುವಾದದ್ದು ಇವಳಿಂದ, ಇವಳ ಬೇರು ಎಲ್ಲಿದೆ ಅಂತ ಇವಳೇ ಹೇಳಲಿ ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮವರು ಹೆಚ್ಚು ಆಸೆಯಿಂದ ನೋಡುತ್ತಿದ್ದರು. ಮಾರ್ಚ್ ವಿಷಯ ಅವರಿಗೂ ಗೊತ್ತಿತ್ತು. ನಾನು ಬಾಯಿ ಬಿಟ್ಟರೆ ಈ ಕೋಣೆ ಅವರಿಗೆ ಉಳಿಯಬಹುದಿತ್ತು.

ಕೆ.ಆರ್. ಪುರದ ಆಚೆ ನಮ್ಮ ಹಳ್ಳಿಯಲ್ಲಿ ಹೀಗೊಂದು ಪದ್ಧತಿ ಇತ್ತು ಅಂದೆ. ಮೊರದ ವಿಷಯ ಹೇಳಿದೆ. ಅತಿಥಿ ಗಂಡಸು ಮುಂದೆ ಬಾಗಿ, ಬಹಳ ಮೃದುವಾಗಿ, ಇಂಗ್ಲಿಷಿನಲ್ಲಿ, ಇದು ನಿಮ್ಮ ಸ್ವಂತ ಜೀವನವನ್ನು ಯಾವಾಗ ಮುಟ್ಟಿತು ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇತ್ತು.

"ಮುಟ್ಟಿದೆ," ಅಂದೆ. "ಆದರೆ ಅದನ್ನ ನಾನು ಹೇಳೋ ಹಾಗಿಲ್ಲ."

ಅವರು ತಲೆಯಾಡಿಸಿದರು. ಮೇಡಂ ಕೈ ನನ್ನ ಹೆಗಲಿನಿಂದ ಇಳಿಯಿತು. ಟೀ ಬಂತು.

ಅವರ ಕಾರು ಹೋದ ಮೇಲೆ ಮೇಡಂ ಮೆಟ್ಟಿಲ ಬುಡದಲ್ಲಿ ನಿಂತು, ಅವರು ಬೇರೆ ಕಡೆಯೂ ನೋಡುವುದಿದೆಯಂತೆ ಎಂದು ಹೇಳಿದರು. ಹಾಗಂದರೆ ಏನೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ನೀನು ಒಂದು ಮಾತು ಹೇಳಬಹುದಿತ್ತು ಅಂದರು. ಆಮೇಲೆ, ನಾನು ಕಾಯಿಯನ್ನೇ ತರಬೇಕಿತ್ತು ಅಲ್ವಾ ಎಂದು ಕೇಳಿದರು. ಹೌದು ಅಂದೆ. ಇಬ್ಬರೂ ಸೋತವರಂತೆ ನಿಂತಿದ್ದೆವು. ಮೇಲೆ ನಮ್ಮವರು ಕಾಳನ್ನು ಪ್ಲಾಸ್ಟಿಕ್ ಚೀಲಗಳಿಗೆ ಹಂಚಿಕೊಳ್ಳುತ್ತಿದ್ದರು. ನಾನು ಹತ್ತಿ ಹೋಗಿ ಮಾರ್ಚ್‌ಗೆ ಕೋಣೆ ಹೋಗುತ್ತದೆ ಎಂದು ಹೇಳಿದೆ. ಯಾಕೆ ಹೇಳಲಿಲ್ಲ ಎಂದು ಯಾರೂ ನನ್ನನ್ನು ಕೇಳಲಿಲ್ಲ. ತಮಿಳು ಅಕ್ಕ ಚಿಲಕದ ಕಡೆ ನೋಡಿ, "ಇನ್ನೊಂದು ಹುಡುಕ್ಬೇಕು ಮಾ," ಅಂದಳು, ಅಷ್ಟೇ.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅಮ್ಮ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ಹೇಳಿದ್ಯಾ ಎಂದು ಕೇಳಿದಳು. ಇಲ್ಲ ಅಂದೆ. ಹೇಳಿದ್ದರೆ ರೂಮು ಸಿಗುತ್ತಿತ್ತಾ ಎಂದು ಕೇಳಿದಳು. ಸಿಗುತ್ತಿತ್ತೇನೋ ಅಂದೆ. ಅವಳು ಒಂದು ಬೆಡ್‌ಶೀಟಿನ ಎರಡು ತುದಿಗಳನ್ನು ನನ್ನ ಕೈಗೆ ಕೊಟ್ಟಳು. ಎಳೆದು ಮಡಚಿದೆವು. ಇನ್ನೊಂದನ್ನು ಮಡಚುವಾಗ, ನನ್ನ ಮುಖ ನೋಡದೆ, ಆ ಮಗುವಿನ ಬಗ್ಗೆ ಮೊದಲ ಸಲ ಮಾತಾಡಿದಳು. ಬಹಳ ಹೊತ್ತೇನಲ್ಲ, ದಾರದ ಮೇಲಿದ್ದ ಬಟ್ಟೆ ಮುಗಿಯುವವರೆಗೆ. ಈ ಬರಹವನ್ನು ಅಮ್ಮನಿಗೆ ಓದಿ ಹೇಳಿದ್ದೇನೆ. ಉಳಿದದ್ದಕ್ಕೆಲ್ಲ ಇರಲಿ ಬಿಡು ಅಂದಳು. ಅವತ್ತು ಮಹಡಿಯ ಮೇಲೆ ಹೇಳಿದ್ದನ್ನು ಮಾತ್ರ ತೆಗೆ ಅಂದಳು. ತೆಗೆದಿದ್ದೇನೆ.

ಮರುದಿನ ಬೆಳಿಗ್ಗೆ ಕಚೇರಿಗೆ ತಡವಾಗಿ ಬರುತ್ತೇನೆಂದು ಸಂದೇಶ ಕಳಿಸಿ ಹಲಸೂರಿನಲ್ಲಿ ಇಳಿದೆ. ಜೋಗುಪಾಳ್ಯದ ಒಳಬೀದಿಗಳಲ್ಲಿ ಟು-ಲೆಟ್ ಬೋರ್ಡು ಕಂಡ ಕಡೆಯೆಲ್ಲ ನಿಂತು ಕೇಳಿದೆ. ಕೆಲವರು ಬಾಗಿಲು ಪೂರ್ತಿ ತೆಗೆಯಲಿಲ್ಲ. ಹಾಲಿನ ಬೂತಿನ ಹಿಂದಿನ ಮನೆಯಲ್ಲಿ ವಯಸ್ಸಾದ ಒಬ್ಬರು ಟವೆಲ್ ಹೊದ್ದುಕೊಂಡು ಹೊರಗೆ ಬಂದು, ಫ್ಯಾಮಿಲಿಯಾ ಬ್ಯಾಚುಲರ್ಸಾ ಎಂದು ಕೇಳಿದರು. ಎರಡೂ ಅಲ್ಲ, ಹೆಂಗಸರು, ಭಾನುವಾರ ಮಧ್ಯಾಹ್ನ ಮಾತ್ರ ಅಂದೆ. ಅವರಿಗೆ ಅರ್ಥವಾಗಲಿಲ್ಲ. ಬೀಗದ ಕೈ ಹೆಂಡತಿಯ ಹತ್ತಿರ ಇದೆ, ಸ್ನಾನಕ್ಕೆ ಹೋಗಿದ್ದಾಳೆ, ಕಾಯುವುದಾದರೆ ಕಾಯಿ ಅಂದರು. ಕಾಯ್ತೀನಿ ಅಂದು ಜಗುಲಿಯ ಮೇಲೆ ಕೂತೆ.